ನಾಲ್ಕುನಾಡು ಅರಮನೆ: ಕಾಡಿನ ಮರೆಯಲ್ಲಿ ಕೊಡಗಿನ ರಾಜಚರಿತ್ರೆ

ಮಡಿಕೇರಿ: ಅರಮನೆ ಎಂದೊಡನೆ ಕನ್ನಡಿಗರ ಕಣ್ಮುಂದೆ ನಿಲ್ಲುವುದು ಮೈಸೂರಿನ ದೀಪಾಲಂಕೃತ ಸೌಧ. ಆದರೆ ಕೊಡಗಿನ ಹಾಲೇರಿ ವಂಶದ ದೊರೆಯೊಬ್ಬ ಯಾರ ಕಣ್ಣಿಗೂ ಬೀಳಬಾರದೆಂದೇ ಅರಮನೆ ಕಟ್ಟಿಸಿದ. ಅದುವೇ ಕಕ್ಕಬ್ಬೆ ಸಮೀಪದ ಯವಕಪಾಡಿಯಲ್ಲಿ, ಜಿಲ್ಲೆಯ ಅತ್ಯುನ್ನತ ಶಿಖರ ತಡಿಯಂಡಮೋಳ್‌ನ ತಪ್ಪಲಲ್ಲಿರುವ ನಾಲ್ಕುನಾಡು ಅರಮನೆ.

ಇದನ್ನು ನಿರ್ಮಿಸಿದವನು ದೊಡ್ಡವೀರರಾಜೇಂದ್ರ. ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದ ಆತ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು, 1790ರಲ್ಲಿ ಮಡಿಕೇರಿ ಕೋಟೆಯನ್ನು ಮರಳಿ ಪಡೆದ. ರಾಜಧಾನಿಯ ಕೋಟೆಯೇ ಶತ್ರುವಿನ ವಶವಾಗಿದ್ದನ್ನು ಕಂಡಿದ್ದ ದೊರೆಗೆ ದಟ್ಟ ಕಾಡಿನ ನಡುವೆ ಸುರಕ್ಷಿತ ನೆಲೆಯೊಂದು ಬೇಕೆನಿಸಿದ್ದು ಸಹಜ. 1792ರಿಂದ 1794ರ ಅವಧಿಯಲ್ಲಿ ಅರಮನೆ ತಲೆಯೆತ್ತಿತು.

ಎರಡು ಅಂತಸ್ತಿನ ಈ ಕಟ್ಟಡದಲ್ಲಿ ಆಡಂಬರವಿಲ್ಲ. ಭಾರಿ ಮಳೆಯ ನೀರು ಕ್ಷಣಮಾತ್ರವೂ ನಿಲ್ಲದಂತೆ ಇಳಿಜಾರು ಮಾಡು, ಕೆತ್ತನೆಯ ಮರದ ಕಂಬ ಹಾಗೂ ಕಿಟಕಿಗಳು, ಗೋಡೆಗಳಲ್ಲಿ ವರ್ಣಚಿತ್ರಗಳು, ಬೆಳಕು ಅಷ್ಟಾಗಿ ಸುಳಿಯದ ಕಿರುಕೋಣೆಗಳು ಇಲ್ಲಿನ ವೈಶಿಷ್ಟ್ಯ. ಎದುರಿಗಿರುವ ಪುಟ್ಟ ಮಂಟಪದಲ್ಲಿ 1796ರಲ್ಲಿ ದೊರೆ ಮಹದೇವಮ್ಮಾಜಿಯನ್ನು ವರಿಸಿದ.

ವಿವಾಹದ ಸಂಭ್ರಮ ಕಂಡ ಅರಮನೆಯೇ ರಾಜ್ಯದ ಅಂತ್ಯಕ್ಕೂ ಸಾಕ್ಷಿಯಾಯಿತು. 1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನೆ ನುಗ್ಗಿದಾಗ ಕೊನೆಯ ದೊರೆ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದು ಇಲ್ಲಿಯೇ. ಅದೇ ತಿಂಗಳು ಆತ ಶರಣಾದ. ಮರುತಿಂಗಳು ಕೊಡಗು ಕಂಪನಿ ಸರ್ಕಾರದ ವಶವಾಯಿತು. ಕಾಶಿಗೆ ಗಡೀಪಾರಾದ ದೊರೆ ಬಳಿಕ ಇಂಗ್ಲೆಂಡಿಗೆ ತೆರಳಿ, 1859ರಲ್ಲಿ ಪರದೇಶದಲ್ಲೇ ಕಣ್ಮುಚ್ಚಿದ.

ಮಡಿಕೇರಿ ಕೋಟೆಯೊಳಗಿನ ಅರಮನೆಯ ಕಥೆಯೇ ಬೇರೆ. ಲಿಂಗರಾಜೇಂದ್ರ 1812-14ರಲ್ಲಿ ಕಟ್ಟಿಸಿದ ಆ ಸೌಧ ಬ್ರಿಟಿಷರ ಕಾಲದಿಂದ ಸರ್ಕಾರಿ ಕಚೇರಿಯಾಗಿ ಬಳಕೆಯಾಯಿತು. 1933ರಲ್ಲಿ ಗಡಿಯಾರ ಗೋಪುರ ಹಾಗೂ ಕಾರು ನಿಲ್ಲಿಸುವ ಮುಖಮಂಟಪ ಅದಕ್ಕೆ ಸೇರಿಕೊಂಡವು. ಅದಕ್ಕಿಂತ ಸುಮಾರು ಎರಡು ದಶಕ ಹಳೆಯದಾದ ನಾಲ್ಕುನಾಡು ಅರಮನೆ ಮಾತ್ರ ಕಚೇರಿಗಳ ಗದ್ದಲದಿಂದ ದೂರವೇ ಉಳಿಯಿತು. ಹಾಲೇರಿ ಅರಸರ ವಾಸ್ತುಶೈಲಿಯನ್ನು ಅರಿಯಬಯಸುವವರಿಗೆ ಅದರ ಮಹತ್ವ ಹೆಚ್ಚಾಗಿರುವುದು ಈ ಕಾರಣಕ್ಕೆ.

ಆದರೆ ದೂರವೇ ರಕ್ಷಣೆಯಲ್ಲ. ಮಳೆನಾಡಿನ ಮರದ ಕಟ್ಟಡಕ್ಕೆ ತೇವವೇ ಮೊದಲ ಶತ್ರು. ಒಂದು ಹೆಂಚು ಜಾರಿದರೂ ನೀರು ತೊಲೆಗಿಳಿಯುತ್ತದೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ಚಿತ್ರಕ್ಕೆ. ಮಾಸಿದ ಚಿತ್ರಕ್ಕೆ ಹೊಸ ಬಣ್ಣ ಬಳಿಯಬಹುದು, ಹಳೆಯ ಕಲಾವಿದನ ಕೈಬರಹ ಮರಳಿ ಬಾರದು. ಗೋಡೆಯ ಮೇಲೆ ಹೆಸರು ಗೀಚುವ ಪ್ರವಾಸಿಗನೂ ಇದೇ ನಷ್ಟಕ್ಕೆ ಕಾರಣನಾಗುತ್ತಾನೆ.

ತಡಿಯಂಡಮೋಳ್ ಚಾರಣಕ್ಕೆ ಹೊರಟವರು ಇಲ್ಲಿ ಅರ್ಧ ಗಂಟೆ ನಿಂತು ನೋಡಲಿ. ಶತ್ರುವಿನಿಂದ ಅರಸನನ್ನು ಮರೆಮಾಡಿದ ಅರಮನೆ ನಮ್ಮ ಮರೆವಿಗೆ ಬಲಿಯಾಗಬಾರದು.