ವಯಸ್ಸಾಯ್ತು, ಬಿಪಿ ಇದ್ದದ್ದೇ ಅನ್ನಬೇಡಿ

ಮೂವತ್ತರ ಹುಡುಗ ಜಿಮ್‌ನಲ್ಲಿ ಕುಸಿದು ಬಿದ್ದರೆ ಅದು ಬ್ರೇಕಿಂಗ್ ನ್ಯೂಸ್. ಎಪ್ಪತ್ತೆಂಟರ ಅಜ್ಜ ಬೆಳಿಗ್ಗೆ ಬಚ್ಚಲಲ್ಲಿ ಕುಸಿದು ಬಿದ್ದರೆ ಅದು ಸುದ್ದಿಯೇ ಅಲ್ಲ. ‘ವಯಸ್ಸಾಗಿತ್ತು ಬಿಡಿ’ ಅಂತಾರೆ. ಮುಗೀತು.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೇ ಹೊರಟುಹೋದಾಗ ಇಡೀ ಕರ್ನಾಟಕ ತನ್ನ ಎದೆ ಮುಟ್ಟಿ ನೋಡಿಕೊಂಡಿತು. ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತರು. 2025ರ ಜೂನ್, ಜುಲೈನಲ್ಲಿ ಹಾಸನದಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ಮತ್ತೆ ಅದೇ ಸಾಲು. ಹೆದರಿಕೆ ಸಹಜ, ನಾನು ಅದನ್ನ ಆಡಿಕೊಳ್ಳಲ್ಲ. ಆದರೆ ಸ್ಟುಡಿಯೋದಲ್ಲಿ ಕೂತು ಆ ದೃಶ್ಯ ನೋಡುವಾಗ ನನ್ನನ್ನ ಕಾಡಿದ್ದು ಬೇರೆ ಪ್ರಶ್ನೆ. ಮಗ ಓಡಿ ಹೋಗಿ ಇಸಿಜಿ ಮಾಡಿಸಿಕೊಂಡ, ಸರಿ. ಮನೆಯಲ್ಲಿ ಕೂತಿರೋ ಅಪ್ಪನ ಬಿಪಿ ಕೊನೇ ಸಲ ನೋಡಿದ್ದು ಯಾವಾಗ? ಅಮ್ಮನ ನಾಡಿ ಯಾರಾದ್ರೂ ಹಿಡಿದು ನೋಡಿದ್ದಾರಾ? ಹೃದಯಾಘಾತ ಇರಲಿ, ಪಾರ್ಶ್ವವಾಯು ಇರಲಿ, ವಯಸ್ಸು ಏರಿದ ಹಾಗೆ ಅಪಾಯ ಏರುತ್ತಲೇ ಹೋಗುತ್ತೆ.

‘ಯಾರಿಗೆ ಯಾವಾಗ ಬರುತ್ತೋ ಹೇಳೋಕಾಗಲ್ಲ ಸಾರ್’ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಅದು ಅರ್ಧ ಸತ್ಯ. ಇನ್ನರ್ಧ ಏನು ಅಂತ ಇವತ್ತು ಹೇಳ್ತೀನಿ.

ಕಥೆ ಶುರುವಾಗೋದು ಅಮೆರಿಕದಲ್ಲಿ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 63. ಜಗತ್ತಿಗೆ ಅದು ಬರಸಿಡಿಲು. ನಿಜವಾಗಿ ಅದು ಸಿಡಿಲಾಗಿತ್ತಾ? 1941ರಲ್ಲೇ ಅವರ ಬಿಪಿ 188/105 ಇತ್ತು. ಸತ್ತ ದಿನ ಮೇಲಿನ ಸಂಖ್ಯೆ 300 ಮುಟ್ಟಿತ್ತು. ವಯಸ್ಸಾದ ಹಾಗೆ ಬಿಪಿ ಏರೋದು ಸಹಜ, ಗಟ್ಟಿಯಾದ ರಕ್ತನಾಳಕ್ಕೆ ಅಷ್ಟು ಒತ್ತಡ ಬೇಕೇ ಬೇಕು ಅಂತ ಆಗ ಅನೇಕ ವೈದ್ಯರು ನಂಬಿದ್ದರು. ಅದನ್ನ ಇಳಿಸೋಕೆ ಒಳ್ಳೆ ಔಷಧಿಯೂ ಇರಲಿಲ್ಲ. ಜಗತ್ತಿನ ಅತ್ಯಂತ ಬಲಿಷ್ಠ ಮನುಷ್ಯನಿಗೂ ಸಿಕ್ಕಿದ್ದು ‘ವಯಸ್ಸಾಯ್ತು, ಇದ್ದದ್ದೇ’ ಅನ್ನೋ ಉತ್ತರ!

ಮೂರು ವರ್ಷದ ನಂತರ, 1948ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಲ್ಲಿ ಒಂದು ಅಧ್ಯಯನ ಶುರುವಾಯ್ತು. 30ರಿಂದ 62 ವರ್ಷದ 5,209 ಜನರನ್ನ ಸೇರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡ್ತಾ ಹೋದರು. ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ, ಬಂದವರಲ್ಲಿ ಮೊದಲೇ ಏನಿತ್ತು? ಎಲ್ಲ ಬರೆದಿಟ್ಟರು. ಆಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ಕೂಡ ಸೇರಿದರು. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು, ಸಕ್ಕರೆ ಕಾಯಿಲೆ ಅಂತ ಇವತ್ತು ಡಾಕ್ಟರು ನಿಮ್ಮನ್ನ ಕೇಳೋ ಪಟ್ಟಿ ಇದೆಯಲ್ಲ, ಅದಕ್ಕೆ ಭದ್ರ ಬುನಾದಿ ಹಾಕಿದ್ದು ಆ ಊರಿನ ಜನ. ‘ಅಪಾಯಕಾರಿ ಅಂಶ’ ಅನ್ನೋ ಮಾತು ವೈದ್ಯಲೋಕದಲ್ಲಿ ಬಳಕೆಗೆ ಬಂದಿದ್ದೂ ಅವರ 1961ರ ವರದಿಯಿಂದ.

ಅದೇ ಲೆಕ್ಕದಿಂದ ಅಂಕಪಟ್ಟಿಗಳು ಬಂದವು. ವಯಸ್ಸು, ಬಿಪಿ, ಕೊಲೆಸ್ಟ್ರಾಲ್ ಹಾಕಿದರೆ ಮುಂದಿನ ಹತ್ತು ವರ್ಷದಲ್ಲಿ ಶೇಕಡಾ ಇಷ್ಟು ಅಪಾಯ ಅಂತ ಹೇಳುತ್ತೆ. ಈ ಶೇಕಡಾ ಅಂದ್ರೆ ಏನು? ನಮ್ಮ ಎಕ್ಸಿಟ್ ಪೋಲ್ ಇದ್ದ ಹಾಗೆ. ಕ್ಷೇತ್ರದಲ್ಲಿ ಯಾವ ಪಕ್ಷಕ್ಕೆ ನೂರಕ್ಕೆ ಎಷ್ಟು ಓಟು ಅಂತ ಅದು ಅಂದಾಜು ಕೊಡುತ್ತೆ. ನಿಮ್ಮ ಪಕ್ಕದ ಮನೆಯವರು ಯಾರಿಗೆ ಹಾಕಿದ್ರು ಅಂತ ಹೇಳಲ್ಲ. ಹಾಗೇ, ಅಪಾಯ ಶೇಕಡಾ 20 ಅಂದ್ರೆ ನಿಮ್ಮಂಥ ನೂರು ಜನರಲ್ಲಿ ಇಪ್ಪತ್ತು ಜನಕ್ಕೆ ಬರಬಹುದು ಅಂತ ಅರ್ಥ. ಆ ಇಪ್ಪತ್ತರಲ್ಲಿ ನೀವಿದ್ದೀರೋ, ಉಳಿದ ಎಂಬತ್ತರಲ್ಲೋ, ಪಟ್ಟಿಗೆ ಗೊತ್ತಿಲ್ಲ. ಜ್ಯೋತಿಷ್ಯ ಅಲ್ಲ ಸ್ವಾಮಿ, ಲೆಕ್ಕ.

ಹಿರಿಯರ ವಿಷಯಕ್ಕೆ ಬಂದಾಗ ಈ ಲೆಕ್ಕ ಸ್ವಲ್ಪ ಮುಗ್ಗರಿಸುತ್ತೆ. ಯಾಕೆ ಗೊತ್ತಾ? ಫ್ರೇಮಿಂಗ್‌ಹ್ಯಾಮ್‌ನ 2008ರ ಅಂಕಪಟ್ಟಿಯಲ್ಲಿ 75 ದಾಟಿದ ಗಂಡಸಿಗೆ ವಯಸ್ಸಿಗೇ 15 ಅಂಕ. ಸಿಗರೇಟು ಸೇದಿದರೆ 4, ಸಕ್ಕರೆ ಕಾಯಿಲೆಗೆ 3. ಅಂದ್ರೆ ಜೀವಮಾನವಿಡೀ ಬೀಡಿ ಮುಟ್ಟದ ಅಜ್ಜನೂ ಬರೀ ವಯಸ್ಸಿನಿಂದಲೇ ‘ಹೆಚ್ಚು ಅಪಾಯ’ದ ಹೊಸ್ತಿಲಲ್ಲಿ. ಎಲ್ಲರಿಗೂ ಕೆಂಪು ಗುರುತು ಬಿದ್ದರೆ ಆ ಗುರುತಿಗೆ ಬೆಲೆ ಏನು?

ಇನ್ನೊಂದು ತೊಡಕಿದೆ. 85 ವರ್ಷದವರಿಗೆ ಮುಂದಿನ ಹತ್ತು ವರ್ಷದಲ್ಲಿ ನ್ಯುಮೋನಿಯಾ ಬರಬಹುದು, ಕ್ಯಾನ್ಸರ್ ಬರಬಹುದು, ಬಿದ್ದು ಸೊಂಟ ಮುರಿಯಬಹುದು. ಹೃದಯ ಕೈಕೊಡೋ ಮೊದಲೇ ಬೇರೆ ಕಾರಣಕ್ಕೆ ಜೀವ ಹೋಗಬಹುದು. ಇದನ್ನ ಲೆಕ್ಕಕ್ಕೆ ಹಿಡಿಯದ ಪಟ್ಟಿ ವಯಸ್ಸಾದವರ ಅಪಾಯವನ್ನ ಜಾಸ್ತಿ ತೋರಿಸುತ್ತೆ. ಅದಕ್ಕೇ 2021ರಲ್ಲಿ ಯುರೋಪಿನ ತಜ್ಞರು 70 ದಾಟಿದವರಿಗೆ ಅಂತಲೇ ಬೇರೆ ಪಟ್ಟಿ ಮಾಡಿದರು. ಹೆಸರು ಸ್ಕೋರ್2-ಒಪಿ. ನಮ್ಮ ಜನಕ್ಕೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದಕ್ಷಿಣ ಏಷ್ಯಾಕ್ಕೂ ಪ್ರತ್ಯೇಕ ಪಟ್ಟಿ ಕೊಟ್ಟಿದೆ, ರಕ್ತಪರೀಕ್ಷೆ ಇಲ್ಲದೆ ನೋಡೋ ಪಟ್ಟಿಯೂ ಅದರಲ್ಲಿದೆ. ಆದರೆ ಅದು 74ಕ್ಕೇ ನಿಲ್ಲುತ್ತೆ.

ಹಾಗಾದ್ರೆ ಮನೆಯ ಹಿರಿಯರಿಗೆ ಏನು ನೋಡಬೇಕು? ವಯಸ್ಸನ್ನ ಇಳಿಸೋಕೆ ಯಾವ ಡಾಕ್ಟರಿಂದಲೂ ಆಗಲ್ಲ. ಇಳಿಸೋಕೆ, ಹಿಡಿಯೋಕೆ ಆಗೋದನ್ನ ನೋಡಿ. ನನ್ನ ಪ್ರಕಾರ ಮೂರು.

ಒಂದು, ಬಿಪಿಯ ಮೇಲಿನ ಸಂಖ್ಯೆ. ‘ನೂರಕ್ಕೆ ವಯಸ್ಸು ಕೂಡಿಸಿದಷ್ಟು ಇರಬಹುದು’ ಅನ್ನೋ ಹಳೇ ಲೆಕ್ಕ ಇನ್ನೂ ಹಳ್ಳಿಕಟ್ಟೆಯಲ್ಲಿ ಓಡಾಡ್ತಿದೆ. ಮರೆತುಬಿಡಿ. ಕೆಳಗಿನ ಸಂಖ್ಯೆ ಸರಿಯಿದ್ದು ಮೇಲಿನದು ಮಾತ್ರ ಏರಿರೋದು ವಯಸ್ಸಾದವರಲ್ಲಿ ಸಾಮಾನ್ಯ. ಸಾಮಾನ್ಯ ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಅಂಥ 60 ದಾಟಿದ 4,736 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 1991ರಲ್ಲಿ ಬಂತು. ಔಷಧಿ ಕೊಟ್ಟವರಲ್ಲಿ ಪಾರ್ಶ್ವವಾಯು ಶೇಕಡಾ 36ರಷ್ಟು ಕಡಿಮೆ! 80 ದಾಟಿದವರಿಗೆ ಮಾತ್ರೆ ಯಾಕೆ ಅನ್ನೋರಿಗೆ 2008ರಲ್ಲಿ ಉತ್ತರ ಸಿಕ್ಕಿತು. 3,845 ಜನರ ಅಧ್ಯಯನ. ಬಿಪಿ ಇಳಿಸಿದವರಲ್ಲಿ ಒಟ್ಟು ಸಾವು ಶೇಕಡಾ 21ರಷ್ಟು, ಹೃದಯ ವೈಫಲ್ಯ ಶೇಕಡಾ 64ರಷ್ಟು ಕಡಿಮೆ. ಹಾಗಂತ ಒಂದೇ ಸಲ ಪಾತಾಳಕ್ಕೆ ಇಳಿಸೋ ಹಾಗಿಲ್ಲ. ಎದ್ದು ನಿಂತಾಗ ತಲೆ ಸುತ್ತಿ ಬಿದ್ದರೆ ಇನ್ನೊಂದು ಅನಾಹುತ. ಅದಕ್ಕೇ ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿ, ಆಮೇಲೆ ನಿಲ್ಲಿಸಿಯೂ ನೋಡಿ. ಎರಡೂ ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಎರಡು, ನಾಡಿ. ಹೆಬ್ಬೆರಳಿನ ಬುಡಕ್ಕೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಅರ್ಧ ನಿಮಿಷ ನೋಡಿ. ಬಡಿತ ಒಂದೇ ತಾಳದಲ್ಲಿದ್ಯಾ, ಅಥವಾ ಲಯ ಇಲ್ಲದೆ ಹೇಗೆಂದರೆ ಹಾಗೆ ಬಡೀತಿದ್ಯಾ? ಎರಡನೆಯದಾದ್ರೆ ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಶನ್ ಅನ್ನೋ ತೊಂದರೆ ಇರಬಹುದು. ಇದರಲ್ಲಿ ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ಅದುರುತ್ತೆ, ಒಳಗೆ ರಕ್ತ ಹೆಪ್ಪುಗಟ್ಟುತ್ತೆ, ಆ ಹೆಪ್ಪು ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಫ್ರೇಮಿಂಗ್‌ಹ್ಯಾಮ್‌ನ 1991ರ ಲೆಕ್ಕದಲ್ಲಿ, ಐವತ್ತರ ಆಸುಪಾಸಿನವರ ಪಾರ್ಶ್ವವಾಯುಗಳಲ್ಲಿ ಇದರ ಪಾಲು ಶೇಕಡಾ 1.5. ಎಂಬತ್ತು ದಾಟಿದವರಲ್ಲಿ ಶೇಕಡಾ 23.5. ಎಷ್ಟೋ ಜನಕ್ಕೆ ಎದೆನೋವೂ ಇರಲ್ಲ, ಸುಸ್ತೂ ಇರಲ್ಲ. ಗೊತ್ತಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಔಷಧಿ ಇದೆ.

ಮೂರು, ಬಂದು ಹೋದ ಸೂಚನೆ. ಅಜ್ಜಿಗೆ ಹತ್ತು ನಿಮಿಷ ಮಾತು ತೊದಲಿತು, ಕೈ ಜೋಮು ಹಿಡಿದು ಲೋಟ ಬಿತ್ತು, ಆಮೇಲೆ ಎಲ್ಲ ಸರಿಹೋಯ್ತು. ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಮಜ್ಜಿಗೆ ಕುಡಿಸಿ ಮಲಗಿಸ್ತೀವಿ. ಇದು ಮಿನಿ ಸ್ಟ್ರೋಕ್ ಆಗಿರಬಹುದು. ದೊಡ್ಡದು ಬರೋ ಅಪಾಯ ಹೆಚ್ಚಿರೋದು ಅದರ ಮುಂದಿನ ಎರಡು ದಿನದಲ್ಲೇ. ಸರಿಹೋಯ್ತು ಅಂತ ಸುಮ್ಮನಾಗಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇದರ ಜೊತೆಗೆ ಒಂದು ಎಚ್ಚರಿಕೆ. ‘ಹಾರ್ಟಿಗೆ ಒಳ್ಳೇದು’ ಅಂತ ಮೆಡಿಕಲ್ ಶಾಪಿಂದ ತಾವೇ ಆಸ್ಪಿರಿನ್ ತಂದು ನುಂಗೋರಿದ್ದಾರೆ. ಹೃದ್ರೋಗ ಇಲ್ಲದ 19,114 ಹಿರಿಯರ ಮೇಲೆ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ನಡೆದ ಅಧ್ಯಯನ 2018ರಲ್ಲಿ ಹೇಳಿದ್ದೇನು? ದಿನಾ ಆಸ್ಪಿರಿನ್ ತಗೊಂಡವರಿಗೆ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಾಯ್ತು. ಆದರೆ ಈಗಾಗಲೇ ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಡಾಕ್ಟರು ಬರೆದುಕೊಟ್ಟಿದ್ದನ್ನ ನನ್ನ ಮಾತು ಕೇಳಿ ನಿಲ್ಲಿಸಬೇಡಿ. ಅದು ಬೇರೆ ಲೆಕ್ಕ.

ಮುಖ ಒಂದು ಕಡೆ ಸೊಟ್ಟಗಾಯ್ತು, ಕೈ ಎತ್ತೋಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇರೋ ಸಮಯ ನಾಲ್ಕೂವರೆ ಗಂಟೆ. ಅದನ್ನ ಕೊಡೋ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇರೋ ಆಸ್ಪತ್ರೆ ನಿಮ್ಮೂರಿಗೆ ಹತ್ತಿರ ಎಲ್ಲಿದೆ ಅಂತ ಇವತ್ತೇ ತಿಳ್ಕೊಳ್ಳಿ.

ಇನ್ನು ಸರ್ಕಾರಕ್ಕೂ ಒಂದು ಮಾತು. 30 ದಾಟಿದ ಎಲ್ಲರ ಬಿಪಿ, ಸಕ್ಕರೆ ನೋಡಬೇಕು ಅನ್ನೋ ಕಾರ್ಯಕ್ರಮ ಕಾಗದದ ಮೇಲೆ ಚೆನ್ನಾಗಿದೆ. ಮೆಟ್ಟಿಲು ಇಳಿಯೋಕಾಗದ ಅಜ್ಜಿ ಅದಕ್ಕಾಗಿ ಆಸ್ಪತ್ರೆ ತನಕ ಹೇಗೆ ಬರಬೇಕು? ಬಿಪಿ ಯಂತ್ರ ಅವರ ಮನೆ ಬಾಗಿಲಿಗೆ ಹೋಗಬೇಕು, ಹೋದಾಗ ನಾಡಿಯನ್ನೂ ಹಿಡಿದು ನೋಡಬೇಕು. ಅರ್ಧ ನಿಮಿಷದ ಕೆಲಸ, ಖರ್ಚಿಲ್ಲ.

ಸಾವು ಯಾವತ್ತು ಬರುತ್ತೆ ಅಂತ ಯಾವ ಪಟ್ಟಿಯೂ ಹೇಳಲ್ಲ, ಅದು ಯಾರಿಗೂ ಬೇಕಾಗಿಯೂ ಇಲ್ಲ. ಆದರೆ ಹಿರಿಯರು ಹೆದರೋದು ಸಾವಿಗಿಂತ ಹೆಚ್ಚಾಗಿ ಹಾಸಿಗೆ ಹಿಡಿದು, ಮಾತು ನಿಂತು, ಇನ್ನೊಬ್ಬರ ಕೈ ನೋಡುತ್ತಾ ಬದುಕೋ ಸ್ಥಿತಿಗೆ. ಆ ಅಪಾಯವನ್ನ ಮುಂಚೆಯೇ ಕಂಡುಹಿಡಿಯೋದು ಎಷ್ಟೋ ಸಲ ನಮ್ಮ ಕೈಯಲ್ಲಿರುತ್ತೆ. ‘ವಯಸ್ಸಾಯ್ತು’ ಅನ್ನೋದು ರೋಗದ ಹೆಸರಲ್ಲ. ಅದು ಇನ್ನೂ ಹೆಚ್ಚು ಹುಷಾರಾಗಿ ನೋಡಿಕೊಳ್ಳೋಕೆ ಇರೋ ಕಾರಣ.