ಹೃದಯದಲ್ಲಿ ರಂಧ್ರವುಳ್ಳ ಕೂಸುಗಳು

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಗಳಲ್ಲಿ ಕೂಸು ಹಾಲು ಕುಡಿಯುತ್ತಿರುವಾಗಲೇ ದಣಿದು ಬಾಯಿ ಬಿಟ್ಟರೆ, ಹಣೆಯ ಮೇಲೆ ಬೆವರೊಡೆದರೆ, ತಿಂಗಳು ಕಳೆದರೂ ಮೈ ಹತ್ತದಿದ್ದರೆ, ದೃಷ್ಟಿ ತಾಕಿದೆಯೆಂದು ಹೇಳುವವರು ಹತ್ತು ಜನ ಸಿಗುವರು. ಎದೆಗೆ ಕಿವಿಗೊಟ್ಟು ಕೇಳುವವರೊಬ್ಬರು ಸಿಗುವದು ದುರ್ಲಭ. ತಾಯತ ಕಟ್ಟುವದುಂಟು, ಬರೆ ಎಳೆಯುವ ಕ್ರೂರ ರೂಢಿಯೂ ಪೂರಾ ಅಳಿದಿಲ್ಲ. ಕೆಮ್ಮು ಮೇಲಿಂದ ಮೇಲೆ ಎದೆಗಿಳಿದಾಗ ಮಾತ್ರ ದವಾಖಾನೆಯ ದಾರಿ.

ಹುಟ್ಟುತ್ತಲೇ ಹೃದಯದೋಷವುಳ್ಳ ಕೂಸುಗಳು ಸಾವಿರಕ್ಕೆ ಎಂಟು ಒಂಬತ್ತರಷ್ಟು ಇರುವವೆಂಬದು ಲೋಕದ ವೈದ್ಯರೆಲ್ಲರ ಅಂದಾಜು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರವಿರುವದು ಇವುಗಳಲ್ಲಿ ಅತಿ ಸಾಮಾನ್ಯವಾದದ್ದು. ಸಣ್ಣ ರಂಧ್ರಗಳು ಅನೇಕ ವೇಳೆ ತಾವಾಗಿಯೇ ಮುಚ್ಚಿಕೊಳ್ಳುವವು. ದೊಡ್ಡದಾದರೆ ಪುಪ್ಪುಸಗಳಿಗೆ ಮಿತಿ ಮೀರಿ ರಕ್ತ ನುಗ್ಗಿ, ವರ್ಷಗಳು ಕಳೆದಂತೆ ಅಲ್ಲಿಯ ರಕ್ತನಾಳಗಳು ಪೆಡಸಾಗುವವು. ಆ ಮೇಲೆ ರಂಧ್ರವನ್ನು ಮುಚ್ಚುವದೇ ಅಪಾಯಕರ. ಎಂತಹ ನಿಪುಣನೂ ಕತ್ತಿಯನ್ನು ಕೆಳಗಿಡಬೇಕಾಗುವದು. ಆದುದರಿಂದ ಈ ರೋಗದಲ್ಲಿ ಹಣಕ್ಕಿಂತಲೂ ಮೊದಲು ಕಳೆದುಹೋಗುವದು ಕಾಲ.

ಶಸ್ತ್ರವಿದ್ಯೆಯೇನೋ ಬೆಳೆದಿದೆ. 1944ರ ನವೆಂಬರಿನಲ್ಲಿ, ನಮ್ಮ ರಾಯಚೂರು ನಿಜಾಮರ ಕೈಕೆಳಗಿದ್ದಾಗ, ಅಮೇರಿಕದ ಬಾಲ್ಟಿಮೋರಿನಲ್ಲಿ ತುಟಿ-ಉಗುರು ನೀಲಿಗಟ್ಟಿದ ಹಸುಗೂಸೊಂದಕ್ಕೆ ಡಾಕ್ಟರ್ ಬ್ಲೇಲಾಕರು ಮೊದಲ ಶಸ್ತ್ರಕ್ರಿಯೆ ನಡೆಸಿದರು. ಅದರ ಯೋಚನೆ ಹೆಲೆನ್ ಟಾಸಿಗ್ ಎಂಬ ವಿದುಷಿಯದು. ಪ್ರಯೋಗಶಾಲೆಯಲ್ಲಿ ಅದನ್ನು ಸಾಧಿಸಿ ತೋರಿಸಿದವರು ವೈದ್ಯಕೀಯ ಪದವಿಯಿಲ್ಲದ ವಿವಿಯನ್ ಥಾಮಸರು. ಇಂದು ಅಂತಹ ಕಾರ್ಯ ಬೆಂಗಳೂರಿನಲ್ಲಿಯೇ ನಿತ್ಯ ನಡೆಯುತ್ತಿದೆ. 2003ರಲ್ಲಿ ಲಾಹೋರಿನಿಂದ ಎರಡೂವರೆ ವರ್ಷದ ಹೆಣ್ಣುಮಗುವೊಂದು ದಿಲ್ಲಿಯ ಬಸ್ಸನ್ನೇರಿ ಬಂದು, ಅಲ್ಲಿಯ ನಾರಾಯಣ ಹೃದಯಾಲಯದಲ್ಲಿ ಗುಣ ಹೊಂದಿ ಮರಳಿತು. ಲಾಹೋರಿಗೆ ಸಮೀಪವಾದ ಬೆಂಗಳೂರು ಮಸ್ಕಿಗೆ ಇಷ್ಟು ದೂರವೇಕೆ?

ಕಾರಣವು ಹಾದಿಯಲ್ಲಿದೆ. ತಾಲೂಕಿನ ವೈದ್ಯರು ಸಂಶಯಪಟ್ಟು ರಾಯಚೂರಿಗೆ ಕಳಿಸುವರು. ಅಲ್ಲಿಂದ ಬೆಂಗಳೂರಿನ ಮಾತು ಬರುವದು. ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ರಕ್ಷಣೆಯುಂಟು, ನಿಜ. ಆದರೆ ರಾತ್ರಿಯ ಬಸ್ಸಿನ ಚಾರ್ಜು, ವಾರಗಟ್ಟಲೆ ತಪ್ಪಿದ ಕೂಲಿ, ಊರಲ್ಲಿ ಅಜ್ಜಿಯ ಬಳಿ ಬಿಟ್ಟ ಹಿರಿಯ ಮಕ್ಕಳು, ಪರೀಕ್ಷೆಗೆ ಮತ್ತೆ ಮತ್ತೆ ಓಡಾಟ, ಇವನ್ನು ಯಾವ ಕಾರ್ಡೂ ತುಂಬಿಕೊಡದು. ಒಂದು ಹಂಗಾಮು ಕಳೆಯಲಿ ಎಂದು ತಂದೆ ನಿಲ್ಲುವನು. ಅವನನ್ನು ದೂಷಿಸಲು ನಮಗೆ ಮನಸ್ಸಾಗದು.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಬಂದು ಮಕ್ಕಳನ್ನು ನೋಡಬೇಕೆಂದಿದೆ. ಏರ್ಪಾಡು ಸ್ತುತ್ಯವಾದದ್ದು. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ತಾಗದ ಊರುಗಳ ಜನ ಗುಳೆ ಹೋಗುವರು. ತಂಡ ಬಂದ ದಿನ ಕೂಸು ಬೆಂಗಳೂರಿನ ಕಟ್ಟಡವೊಂದರ ಬದಿಯ ತಗಡಿನ ಶೆಡ್ಡಿನಲ್ಲಿದ್ದರೆ ಹಾಜರಿ ಪಟ್ಟಿಯಲ್ಲಿ ಗೈರು. ಹೃದಯದ ದೊಡ್ಡ ದವಾಖಾನೆಗಳಿರುವ ಊರಿನಲ್ಲಿಯೇ ಇದ್ದು ಯಾರ ಕಣ್ಣಿಗೂ ಬೀಳದ ವಿಪರ್ಯಾಸವಿದು!

ಇನ್ನೊಂದು ಮಾತು, ಅಪ್ರಿಯವಾದರೂ ಹೇಳತಕ್ಕದ್ದು. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ಸಂಬಂಧಗಳಲ್ಲಿ ಈ ದೋಷ ಹೆಚ್ಚೆಂದು ಮೈಸೂರಿನಲ್ಲಿ ನಡೆದ ಸಂಶೋಧನೆಯೊಂದು ತೋರಿಸಿದೆ. ಇದನ್ನು ಮದುವೆಗೆ ಮುನ್ನ ಹಿರಿಯರು ವಿಚಾರಿಸಲಿ. ಹೆತ್ತ ಮೇಲೆ ಬಾಣಂತಿಯನ್ನು ಅನ್ನಬಾರದು. ಇಂತಹ ಸಂಬಂಧವಿಲ್ಲದವರ ಮನೆಗಳಲ್ಲಿಯೂ ಈ ಕೂಸುಗಳು ಹುಟ್ಟುತ್ತಿವೆ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಕಿರುಯಂತ್ರವನ್ನು ಕೊರೋನಾ ಕಾಲದಲ್ಲಿ ಹಳ್ಳಿಗರೂ ಕಂಡಿರುವರು. ಹಸುಗೂಸುಗಳಿಗೆ ತಕ್ಕ ಅಂತಹದೇ ಯಂತ್ರವನ್ನು, ಹುಟ್ಟಿ ಒಂದು ದಿನ ಕಳೆದ ಕೂಸಿನ ಬಲಗೈಗೂ ಒಂದು ಪಾದಕ್ಕೂ ಹಿಡಿದರೆ, ನೀಲಿಗಟ್ಟುವ ಭಯಂಕರ ದೋಷಗಳಲ್ಲಿ ಬಹುಪಾಲು ಗೊತ್ತಾಗುವವು. ರಂಧ್ರ ಮಾತ್ರವಿದ್ದರೆ ಇದರಿಂದ ತಿಳಿಯದೆ ಹೋಗಬಹುದು. ಅದಕ್ಕೆ ಲಸಿಕೆಯ ದಿನ ಎದೆಗೆ ನಳಿಗೆ ಇಟ್ಟು ಕೇಳಬೇಕು. ಮೂರೂ ತಾಲೂಕುಗಳ ಹೆರಿಗೆ ವಾರ್ಡುಗಳಲ್ಲಿ ಈ ಎರಡು ಕೆಲಸಗಳು ದಿನವೂ ನಡೆಯುತ್ತಿವೆಯೇ ಎಂಬದನ್ನು ಜಿಲ್ಲೆಯ ಆರೋಗ್ಯಾಧಿಕಾರಿಗಳು ಪ್ರಕಟಿಸಬೇಕೆಂದು ಕೇಳುತ್ತೇವೆ.