ಕುಕ್ಕರ್ ಕೊಳ್ಳುವ ಮುನ್ನ ಅಕ್ಕಿ ಅಳೆಯಿರಿ

ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆಯಾಗಿ ಬಂದ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಅಟ್ಟ ಸೇರಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೇಳಿದರೆ, ಒಂದು ದಿನ ತಳ ಹಿಡಿಯಿತು, ಇನ್ನೊಂದು ದಿನ ಉಕ್ಕಿ ಕಟ್ಟೆಯೆಲ್ಲ ಗಂಜಿಯಾಯಿತು ಅನ್ನುತ್ತಾರೆ. ಇಂಥ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಮನೆಗೆ ಒಗ್ಗದ ಸೈಜು. ಅಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ 'ಮನೇಲಿ ಎಷ್ಟು ಜನ?' ಎಂಬುದು. ಆ ಲೆಕ್ಕ ನಮ್ಮ ರಾಜ್ಯದಲ್ಲಿ ನಡೆಯುವುದಿಲ್ಲ.

ಮಂಡ್ಯದ ಕಡೆ ರಾತ್ರಿ ಮುದ್ದೆ ಉಣ್ಣುವ ಐವರ ಮನೆಯಲ್ಲಿ ಕೊನೆಗೆ ಮಜ್ಜಿಗೆಗೆ ಕಲಸಿಕೊಳ್ಳಲು ಒಂದಿಷ್ಟು ಅನ್ನವಿದ್ದರೆ ಆಯಿತು. ಧಾರವಾಡದಲ್ಲಿ ರೊಟ್ಟಿ ಪಲ್ಯ ಮುಗಿದ ಮೇಲೆ ನಾಲ್ಕು ತುತ್ತು ಅನ್ನ-ಸಾರು. ತೀರ್ಥಹಳ್ಳಿಯಲ್ಲಿ ಅದೇ ಐವರಿಗೆ ಎರಡು ಹೊತ್ತೂ ಅನ್ನವೇ ಊಟ. ಅನ್ನವೇ ಊಟವಾದವರಿಗೆ ಹೊತ್ತಿಗೆ 100ರಿಂದ 150 ಗ್ರಾಂ ಅಕ್ಕಿ, ಮುದ್ದೆಯೋ ಚಪಾತಿಯೋ ಜೊತೆಗಿರುವವರಿಗೆ 50ರಿಂದ 75 ಗ್ರಾಂ ಎಂದು ಅಂದಾಜು ಹಿಡಿಯಬಹುದು. ಅಂದಾಜಿಗಿಂತ ಒಂದು ವಾರ ನೀವೇ ಅಳೆದು ಬರೆದಿಡುವುದು ಒಳ್ಳೆಯದು. ಪಾವಿನಲ್ಲಿ ಅಳೆಯುವವರು ಒಮ್ಮೆ ಆ ಪಾವು ಅಕ್ಕಿಯನ್ನು ತೂಗಿ ನೋಡಿಕೊಂಡರೆ ಸಾಕು.

ಇನ್ನು ಪೆಟ್ಟಿಗೆಯ ಮೇಲಿನ ಲೀಟರ್. ಗೊಂದಲವೆಲ್ಲ ಇಲ್ಲೇ. 1 ಲೀಟರ್, 1.8 ಲೀಟರ್ ಎಂಬ ಈ ವಿಚಿತ್ರ ಅಂಕಿಗಳು ಜಪಾನಿನಿಂದ ಬಂದವು. ಅಲ್ಲಿ ಅಕ್ಕಿ ಅಳೆಯುವ ಹಳೆಯ ಮಾನ 'ಗೋ', ಅಂದರೆ ಸುಮಾರು 180 ಮಿಲಿಲೀಟರ್. ಹತ್ತು ಗೋ ಸೇರಿದರೆ ಒಂದು 'ಷೋ', ಅದೇ 1.8 ಲೀಟರ್. ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಕಪ್ಪು ಈ ಗೋ. ಅದರಲ್ಲಿ ಸುಮಾರು 150 ಗ್ರಾಂ ಅಕ್ಕಿ ಹಿಡಿಯುತ್ತದೆ. ಹಾಗಾಗಿ ಜಪಾನಿ ಲೆಕ್ಕದಲ್ಲಿ 1.8 ಲೀಟರ್ ಎಂದರೆ ಬೇಯಿಸಬಹುದಾದ ಅಕ್ಕಿಯ ಅಳತೆ, ಹತ್ತು ಕಪ್ಪು. ಆದರೆ ನಮ್ಮ ಅಂಗಡಿಗಳಲ್ಲಿ ಪಾತ್ರೆಯ ಒಟ್ಟು ಗಾತ್ರವನ್ನೇ ಲೀಟರಿನಲ್ಲಿ ಬರೆದ ಕುಕ್ಕರುಗಳೂ ಇವೆ. ಅಕ್ಕಿ ಬೆಂದಾಗ ಸುಮಾರು ಮೂರು ಪಟ್ಟು ಹಿಗ್ಗುತ್ತದೆ, ಮೇಲೆ ಉಕ್ಕಲು ಜಾಗ ಬೇಕು. ಒಟ್ಟು ಗಾತ್ರವೇ 1.8 ಲೀಟರ್ ಇರುವ ಪಾತ್ರೆಯಲ್ಲಿ ಎರಡೂವರೆ ಮೂರು ಕಪ್ಪಿಗಿಂತ ಹೆಚ್ಚು ಅಕ್ಕಿ ಹಾಕಲಾಗದು. ಒಂದೇ ಅಂಕಿ, ಒಂದರಲ್ಲಿ ಹತ್ತು ಜನರ ಊಟ, ಇನ್ನೊಂದರಲ್ಲಿ ಮೂವರದು! ಆದ್ದರಿಂದ ಮುಚ್ಚಳ ತೆಗೆಸಿ ಒಳಪಾತ್ರೆಯ ಗೆರೆಗಳನ್ನು ನೋಡಿ. ಕಪ್ಪಿನ ಲೆಕ್ಕದಲ್ಲಿ ಗುರುತುಗಳಿರುತ್ತವೆ, ಕೈಪಿಡಿಯಲ್ಲಿ ಹಸಿ ಅಕ್ಕಿಯ ತೂಕ ಇರುತ್ತದೆ. ನಂಬಬೇಕಾದ್ದು ಅವನ್ನು.

ದೊಡ್ಡದೇ ಇರಲಿ, ಯಾವತ್ತಾದರೂ ಬೇಕಾಗುತ್ತದೆ ಎಂಬ ಆಸೆಗೆ ಬೀಳಬಾರದು ಅನ್ನುವುದಕ್ಕೆ ಕಾರಣ ಈ ಯಂತ್ರ ಕೆಲಸ ಮಾಡುವ ರೀತಿಯಲ್ಲೇ ಇದೆ. ಪಾತ್ರೆಯಲ್ಲಿ ನೀರಿರುವ ತನಕ ತಳದ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಇಂಗಿದೊಡನೆ ಏರುತ್ತದೆ. ಸಾಮಾನ್ಯ ಕುಕ್ಕರಿನ ತಳದಲ್ಲಿರುವ ಅಯಸ್ಕಾಂತ ಆ ಏರಿಕೆಗೆ ಹಿಡಿತ ಕಳೆದುಕೊಂಡು ಸ್ವಿಚ್ಚನ್ನು ಟಕ್ಕೆಂದು ಬಿಡುತ್ತದೆ. ಅಗಲ ತಳದ ಮೇಲೆ ಒಂದು ಕಪ್ಪು ಅಕ್ಕಿ ತೆಳ್ಳಗೆ ಹರಡಿದರೆ ನೀರು ಬೇಗ ಆವಿಯಾಗಿ, ಕಾಳು ಬೇಯುವ ಮೊದಲೇ ಸ್ವಿಚ್ಚು ಬಿದ್ದುಬಿಡುತ್ತದೆ. ಮೇಲೆ ಅರೆಬೆಂದ ಅನ್ನ, ಕೆಳಗೆ ಸೀದ ಪದರ. ಹತ್ತು ಕಪ್ಪಿನ ಕುಕ್ಕರಿಗೆ ಎರಡು ಕಪ್ಪಾದರೂ ಹಾಕಬೇಕು.

1955ರಲ್ಲಿ ತೋಷಿಬಾ ಮೊದಲ ಸ್ವಯಂಚಾಲಿತ ಕುಕ್ಕರನ್ನು ಮಾರುಕಟ್ಟೆಗೆ ತಂದಾಗ ಅದರ ಹಿಂದೆ ಯೋಶಿತಾದಾ ಮಿನಾಮಿ ಮತ್ತು ಅವರ ಪತ್ನಿ ಫುಮಿಕೋ ಇದ್ದರು. ದಿನವೂ ಅನ್ನ ಬೇಯಿಸಿ, ಸಮಯ ಮತ್ತು ಬಿಸಿ ಅಳೆದು ಪರೀಕ್ಷಿಸಿದವರು ಫುಮಿಕೋ. ಅಡುಗೆಮನೆಯ ಆ ದುಡಿಮೆಯನ್ನು ನೆನೆಯದೆ ಈ ಯಂತ್ರದ ಕಥೆ ಹೇಳುವುದು ಸಲ್ಲದು.

ನನಗೆ ಹೆಚ್ಚು ಕಾಳಜಿಯಿರುವುದು ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಊರಲ್ಲಿ ಇಬ್ಬರೇ ಉಳಿದ ಹಿರಿಯರ ಬಗ್ಗೆ. ದೊಡ್ಡ ಕುಕ್ಕರಿನಲ್ಲಿ ಸ್ವಲ್ಪ ಮಾಡಿದರೆ ಕೆಡುತ್ತದೆಂದು ಅವರು ಹೆಚ್ಚೇ ಮಾಡುತ್ತಾರೆ, ಉಳಿದದ್ದನ್ನು ಮಾರನೆಯ ದಿನವೂ ಉಣ್ಣುತ್ತಾರೆ. ಅನ್ನವನ್ನು ಗಂಟೆಗಟ್ಟಲೆ ಹಾಗೇ ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ವಾಂತಿ ತರಿಸುವ ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬೆಳಗಿನ ಚಿತ್ರಾನ್ನಕ್ಕೆಂದು ಉಳಿಸುವ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ಇಂಥ ಮನೆಗೆ ಮೂರು ಕಪ್ಪಿನ ಪುಟ್ಟ ಕುಕ್ಕರ್ ಕೊಡಿಸಿ. ಪಾತ್ರೆ ಹಗುರ, ತೊಳೆಯುವುದು ಸುಲಭ, ಇಬ್ಬರಿಗೆ ಬೇಕಾದಷ್ಟನ್ನೇ ಬಿಸಿಬಿಸಿಯಾಗಿ ಮಾಡಿಕೊಳ್ಳಬಹುದು.

ದಂಪತಿ ಮತ್ತು ಇಬ್ಬರು ಮಕ್ಕಳ ಮನೆಗೆ ಐದೂವರೆ ಕಪ್ಪಿನದು, ಅಂದರೆ ಜಪಾನಿ ಲೆಕ್ಕದ 1 ಲೀಟರ್, ಧಾರಾಳ. ಹತ್ತು ಕಪ್ಪಿನದು ಬೇಕಾಗುವುದು ಎರಡು ಹೊತ್ತೂ ಅನ್ನ ಉಣ್ಣುವ ತುಂಬು ಕುಟುಂಬಕ್ಕೆ. ಬಿಸಿಬೇಳೆಬಾತು, ಪೊಂಗಲ್ ಇದರಲ್ಲೇ ಮಾಡುವುದಾದರೆ ಒಂದು ಸೈಜು ಮೇಲಕ್ಕೆ ಹೋಗಿ. ಬೇಳೆ ನೊರೆಯುಕ್ಕಿಸುತ್ತದೆ, ನೀರೂ ಹೆಚ್ಚು ಬೇಕು.

ಕರಾವಳಿಯವರ ಕುಚ್ಚಲಕ್ಕಿಯ ಮಾತೇ ಬೇರೆ. ಸೋನಾಮಸೂರಿಗೆ ಎರಡರಿಂದ ಎರಡೂವರೆ ಪಟ್ಟು ನೀರು ಸಾಕಾದರೆ ಇದಕ್ಕೆ ಇನ್ನೂ ಹೆಚ್ಚು ಬೇಕು, ಬೇಯಲು ಹೊತ್ತೂ ಹಿಡಿಯುತ್ತದೆ. ಗೆರೆಯಲ್ಲಿ ಬರೆದಷ್ಟು ಅಕ್ಕಿಯ ಅರ್ಧ ಮಾತ್ರ ಹಾಕುವುದು ಕ್ಷೇಮ. ಗಂಜಿ ಬಸಿದೇ ಉಣ್ಣುವ ಮನೆಯಾದರೆ ರೈಸ್ ಕುಕ್ಕರಿಗಿಂತ, ಕುದಿಸಿ ಮುಚ್ಚಿಡುವ ಥರ್ಮಲ್ ಕುಕ್ಕರೇ ಹೆಚ್ಚು ಹೊಂದುತ್ತದೆ, ಗ್ಯಾಸೂ ಉಳಿಯುತ್ತದೆ. ನೆಂಟರು ಬಂದ ದಿನದ ಚಿಂತೆ ಬೇಡ, ಅವತ್ತಿಗೆ ಒಲೆಯ ಮೇಲೆ ದೊಡ್ಡ ಪ್ರೆಷರ್ ಕುಕ್ಕರ್ ಇಟ್ಟರಾಯಿತು.